ಟ್ಯಾಕ್ಸಿನಾ, ಷಟಲ್ಲಾ? ಬಂದರಿಲ್ಲದ ಊರಿನವರು ಬಂದರಿಗೆ ಹೋದ ಕಥೆ

ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ ನಿಂತ್ಕೊಂಡೇ ಕೇಳ್ತಿದ್ದೀರೋ, ಗೊರಗುಂಟೆಪಾಳ್ಯದ ಸಿಗ್ನಲ್ಲಲ್ಲಿ ಕ್ಯಾಬ್ ಒಳಗೆ ಕೂತು ಕೇಳ್ತಿದ್ದೀರೋ ಗೊತ್ತಿಲ್ಲ. ಗೊರಗುಂಟೆಪಾಳ್ಯದಲ್ಲಿದ್ದರೆ ಇವತ್ತಿನ ಸಂಚಿಕೆ ನಿಮಗೇ ಮಾಡಿದ್ದು ಅಂದ್ಕೊಳ್ಳಿ.

ಶುರುವಾಗಿದ್ದು ಒಂದು ಫೋನ್ ಕಾಲ್‌ನಿಂದ. ವಿಜಯನಗರದ ಮಾರುತಿ ಮಂದಿರದ ಹತ್ತಿರ ನಮ್ಮ ಚಿಕ್ಕಮ್ಮ ಇದ್ದಾರೆ. ಅವರ ಮಗ ಅಪ್ಪ ಅಮ್ಮನಿಗೆ ಅಂತ ಮುಂಬೈಯಿಂದ ಹೊರಡೋ ಕ್ರೂಸ್ ಹಡಗಿನ ಟಿಕೆಟ್ ಮಾಡಿಸಿದ್ದಾನೆ. ಮುಂಬೈಯಲ್ಲಿ ಒಂದು ರಾತ್ರಿಗೆ ಹೋಟೆಲ್ಲೂ ಬುಕ್ ಆಗಿದೆ. ಚಿಕ್ಕಮ್ಮನ ಪ್ರಶ್ನೆ ಒಂದೇ: "ನೋಡೇ, ಹೋಟ್ಲವರು ಷಟಲ್ ಇದೆ ಅಂತಾರಂತೆ. ಇವನು ಟ್ಯಾಕ್ಸಿ ಮಾಡ್ಕೊಳ್ಳಿ ಅಂತಾನೆ. ಹಡಗೇನಾದ್ರೂ ಬಿಟ್ಟು ಹೋದ್ರೆ ಗತಿ ಏನು?"

ನಾನು ನಗಬಾರದಿತ್ತು, ನಕ್ಕುಬಿಟ್ಟೆ. ಫೋನ್ ಇಟ್ಟ ಮೇಲೆ ಯೋಚನೆ ಬಂತು. ಇದೇ ಪ್ರಶ್ನೆಯನ್ನ ನಮ್ಮ ಕಡೆಯವರು ನೂರು ವರ್ಷದಿಂದ ಕೇಳ್ಕೊಂಡು ಬಂದಿದ್ದಾರೆ. ಬಂದರು ಬದಲಾಗಿದೆ, ಗಾಡಿ ಬದಲಾಗಿದೆ, ಹೊಟ್ಟೆಯೊಳಗಿನ ಆ ಕಸಿವಿಸಿ ಮಾತ್ರ ಅದೇ. ಹಡಗಾಗಲಿ ವಿಮಾನವಾಗಲಿ ಯಾರಿಗೂ ಕಾಯಲ್ಲ. ಮನೆ ಬಾಗಿಲಿಂದ ಅಲ್ಲಿವರೆಗಿನ ಆ ಕೊನೇ ಚೂರು ದಾರಿ ಯಾರ ಕೈಲಿದೆ? ನನ್ನ ಕೈಲಾ, ಡ್ರೈವರ್ ಕೈಲಾ, ಹೋಟೆಲ್ಲಿನವನ ಕೈಲಾ?

ಮೊದಲು ಆ 'ಷಟಲ್' ಅನ್ನೋ ಪದ ಬಿಡಿಸೋಣ. ಷಟಲ್ ಅಂದ್ರೆ ಮೂಲದಲ್ಲಿ ಲಾಳಿ. ಮಗ್ಗದಲ್ಲಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡಾಡುತ್ತಲ್ಲ, ಅದು. ಬಿನ್ನಿ ಮಿಲ್ ಇದ್ದ ಊರು ನಮ್ಮದು. ಬಿನ್ನಿಪೇಟೆ ಕಡೆ ಲಾಳಿ ಅಂದ್ರೆ ಏನು ಅಂತ ಇವತ್ತಿಗೂ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಎರಡು ಜಾಗದ ಮಧ್ಯೆ ಲಾಳಿ ಥರ ಓಡಾಡೋ ಗಾಡಿಗೆ ಷಟಲ್ ಅಂತ ಹೆಸರು ಬಂತು. ಲಾಳಿಯ ಗುಣವೇ ಷಟಲ್ಲಿನ ಗುಣ: ಅದರ ದಾರಿ, ಅದರ ಹೊತ್ತು ಮೊದಲೇ ನಿಗದಿಯಾಗಿರುತ್ತೆ. ಅದು ನಿನಗೋಸ್ಕರ ಬರಲ್ಲ, ನೀನು ಅದಕ್ಕೋಸ್ಕರ ಹೋಗಬೇಕು. ಟ್ಯಾಕ್ಸಿ ಇದಕ್ಕೆ ಉಲ್ಟಾ.

ಈಗ ಸ್ವಲ್ಪ ಹಿಂದೆ ಹೋಗೋಣ.

ಬೆಂಗಳೂರಿಗೆ ಸಮುದ್ರ ಇಲ್ಲ. ಸಮುದ್ರ ಇರಲಿ, ಹೇಳಿಕೊಳ್ಳೋಕೆ ಒಂದು ನದಿಯೂ ಇಲ್ಲ. ಇದ್ದ ಧರ್ಮಾಂಬುಧಿ ಕೆರೆಯ ಅಂಗಳದಲ್ಲೇ ಇವತ್ತು ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿದೆ. ಹೆಸರಲ್ಲಿ ಅಂಬುಧಿ ಅಂದ್ರೆ ಕಡಲು, ಈಗ ಅಲ್ಲಿ ತೇಲೋದು ಬಸ್ಸು ಮಾತ್ರ. 1864ರಲ್ಲಿ ಜೋಲಾರ್‌ಪೇಟೆಯಿಂದ ದಂಡು ಪ್ರದೇಶಕ್ಕೆ ರೈಲು ಬಂದಾಗ ಬೆಂಗಳೂರಿಗೆ ಮೊದಲ ಬಂದರು ಸಿಕ್ತು ಅನ್ನಬಹುದು: ಮದ್ರಾಸು. ಆಮೇಲೆ ಹರಿಹರ, ಹುಬ್ಬಳ್ಳಿ, ಬೆಳಗಾವಿ ಮೇಲೆ ಪುಣೆಗೆ ಮೀಟರ್ ಗೇಜ್ ಹಳಿ ಕೂಡಿಕೊಂಡಾಗ ಎರಡನೇ ಬಂದರು ಹತ್ತಿರ ಆಯ್ತು: ಬಾಂಬೆ. ಪುಣೆಯಲ್ಲಿ ಇಳಿದು ದೊಡ್ಡ ಗಾಡಿ, ಅಂದ್ರೆ ಬ್ರಾಡ್ ಗೇಜ್ ರೈಲು ಹತ್ತಬೇಕು. ಇಲ್ಲಾಂದ್ರೆ ಗುಂತಕಲ್ಲಿನವರೆಗೆ ಹೋಗಿ ಅಲ್ಲಿ ಮದ್ರಾಸ್-ಬಾಂಬೆ ಮೇಲ್ ಹಿಡಿಯಬೇಕು. ಟ್ರಂಕು, ಹಾಸಿಗೆ ಸುರುಳಿ, ಉಪ್ಪಿನಕಾಯಿ ಜಾಡಿ ಇಟ್ಕೊಂಡು ಮಧ್ಯರಾತ್ರಿ ಗಾಡಿ ಬದಲಾಯಿಸೋದು ಕಲ್ಪಿಸ್ಕೊಳ್ಳಿ. ಅದೂ ಸಮುದ್ರ ದಾಟಿದರೆ ಜಾತಿ ಕೆಡುತ್ತೆ, ಬಂದ ಮೇಲೆ ಪ್ರಾಯಶ್ಚಿತ್ತ ಮಾಡಿಸ್ಬೇಕು ಅಂತಿದ್ದ ಕಾಲದಲ್ಲಿ.

ಕರಾವಳಿಯವರ ಕಥೆ ಬೇರೆ. ಮಂಗಳೂರು, ಮಲ್ಪೆ, ಕಾರವಾರದಿಂದ ಅವರು ನೇರವಾಗಿ ಬಾಂಬೆಗೆ ಹಡಗಲ್ಲೇ ಹೋಗ್ತಿದ್ದರು. ಮುಂಬೈಯ ಉಡುಪಿ ಹೋಟೆಲ್ಲುಗಳ ಕಥೆ ಅಲ್ಲೇ ಶುರುವಾಗೋದು. ಅದಕ್ಕೇ ಬೇರೆ ಸಂಚಿಕೆ ಬೇಕು.

ಬಾಂಬೆಗೆ ಬಂದಿಳಿದ ಮೇಲಿನ ಆ ಕೊನೇ ಒಂದೆರಡು ಕಿಲೋಮೀಟರ್ ನೋಡಿ. ವಿಕ್ಟೋರಿಯಾ ಟರ್ಮಿನಸ್, ಈಗಿನ ಸಿಎಸ್‌ಎಂಟಿಯಿಂದ ಬಲ್ಲಾರ್ಡ್ ಪಿಯರ್ ಅನ್ನೋ ಹಡಗುಕಟ್ಟೆಗೆ ಹೆಚ್ಚೇನೂ ದೂರ ಇಲ್ಲ. ಆ ಕಾಲದ ದೊಡ್ಡ ಹಡಗುಗಳು ಹೊರಡುತ್ತಿದ್ದದ್ದು ಅಲ್ಲಿಂದ. ಶ್ರೀಮಂತ ಪ್ರಯಾಣಿಕರಿಗೆ ಅಲ್ಲಿ ಎಷ್ಟು ಅನುಕೂಲ ಇತ್ತು ಅಂದ್ರೆ, ಹಡಗುಕಟ್ಟೆಯ ಮೇಲೇ ಬಲ್ಲಾರ್ಡ್ ಪಿಯರ್ ಮೋಲ್ ಅನ್ನೋ ರೈಲು ನಿಲ್ದಾಣ ಕಟ್ಟಿದ್ದರು. ಲಂಡನ್ನಿನಿಂದ ಅಂಚೆ ಹೊತ್ತು ಬಂದ ಪಿ ಅಂಡ್ ಒ ಹಡಗಿಂದ ಇಳಿದರೆ ಎದುರಿಗೇ ರೈಲು. 1928ರಲ್ಲಿ ಶುರುವಾದ ಫ್ರಾಂಟಿಯರ್ ಮೇಲ್ ಹಡಗಿನ ಸೀಸನ್ನಿನಲ್ಲಿ ಇಲ್ಲಿಂದಲೇ ಪೇಶಾವರದ ಕಡೆ ಹೊರಡುತ್ತಿತ್ತು. ನನ್ನ ಪ್ರಕಾರ ಅದೇ ಈ ದೇಶ ಕಂಡ ಅತ್ಯುತ್ತಮ ಷಟಲ್. ಆದರೆ ಅದು ದಿಲ್ಲಿ, ಪಂಜಾಬಿಗೆ ಹೋಗೋ ಸಾಹೇಬರಿಗೆ. ಮೈಸೂರು ಸೀಮೆಯಿಂದ ಬಂದವನು ವಿಟಿಯಲ್ಲಿ ಇಳಿದು ವಿಕ್ಟೋರಿಯಾ ಕುದುರೆ ಗಾಡಿಯವನ ಜೊತೆ ಚೌಕಾಸಿ ಮಾಡಲೇಬೇಕಿತ್ತು.

ಹೋಟೆಲ್ಲಿನ ಗಾಡಿ ಅನ್ನೋದೂ ಅದೇ ಕಾಲದ್ದು. ರೈಲು, ಹಡಗು ಬಂದ ಊರುಗಳಲ್ಲೆಲ್ಲ ಹೋಟೆಲ್ಲಿನವರು ತಮ್ಮ ಹೆಸರು ಬರೆದ ಕುದುರೆ ಬಂಡಿ ಕಳಿಸ್ತಿದ್ದರು. ಪರ ಊರಿನವನು ಇಳಿದ ಕೂಡಲೇ ಬೇರೆ ಹೋಟೆಲ್ಲಿನವನ ಪಾಲಾಗಬಾರದು ಅನ್ನೋದೇ ಅದರ ಹಿಂದಿನ ಲೆಕ್ಕ. ಸೇವೆ ಅಂತ ಹೆಸರು, ಗಿರಾಕಿ ಹಿಡಿಯೋ ಬಲೆ ಅಂತ ಕೆಲಸ. ಇವತ್ತಿಗೂ ಅಮೆರಿಕದ ಮಯಾಮಿ, ಫೋರ್ಟ್ ಲಾಡರ್‌ಡೇಲ್ ಥರದ ಹಡಗಿನ ಊರುಗಳಲ್ಲಿ ಹೋಟೆಲ್ ಷಟಲ್ ಅಷ್ಟು ಮಾಮೂಲಿ ಆಗಿರೋದಕ್ಕೆ ಇದೇ ಕಾರಣ. ಅಲ್ಲಿ ಬಸ್ಸು ರೈಲು ಕಡಿಮೆ, ಹೋಟೆಲ್ಲು ಜಾಸ್ತಿ. ಒಂದು ವ್ಯಾನ್ ಬಿಟ್ಟರೆ ಹತ್ತು ರೂಮು ತುಂಬುತ್ತೆ. ನಮ್ಮಲ್ಲಿ 'ಷಟಲ್ ಇದೆ' ಅಂತ ಬರೆದಿದ್ದರೆ ಬಹಳ ಸಲ ಅದು ಷಟಲ್ಲೇ ಅಲ್ಲ. ಹೋಟೆಲ್ಲಿನವರು ಕರೆಸಿ ಕೊಡೋ ಕಾರು, ಅದರ ಬಾಡಿಗೆ ರೂಮಿನ ಬಿಲ್ಲಿಗೆ ಸೇರುತ್ತೆ. ಈ ವ್ಯತ್ಯಾಸ ನೆನಪಿಟ್ಕೊಳ್ಳಿ, ಚಿಕ್ಕಮ್ಮನ ವಿಷಯಕ್ಕೆ ಮತ್ತೆ ಬೇಕಾಗುತ್ತೆ.

ಬಲ್ಲಾರ್ಡ್ ಪಿಯರ್ ಹೆಸರು ಕೇಳಿದಾಗ ನನಗೆ ನೆನಪಾಗೋದು ಇಬ್ಬರು. ಒಬ್ಬರು ಗಾಂಧೀಜಿ, 1931ರ ಆಗಸ್ಟ್ 29ರಂದು ದುಂಡು ಮೇಜಿನ ಸಭೆಗೆ ಬಾಂಬೆಯಿಂದ ಎಸ್‌ಎಸ್ ರಾಜಪುತಾನಾ ಹಡಗು ಹತ್ತಿದವರು. ಇನ್ನೊಬ್ಬರು ಮುಂದೆ ನಮ್ಮ ಪಕ್ಕದ ಬಡಾವಣೆ ಮಲ್ಲೇಶ್ವರಕ್ಕೆ ಬಂದು ನೆಲೆಸಿದ ಸಿ. ವಿ. ರಾಮನ್. 1921ರಲ್ಲಿ ಇಂಗ್ಲೆಂಡಿನಿಂದ ಎಸ್‌ಎಸ್ ನರ್ಕುಂಡಾ ಹಡಗಲ್ಲಿ ವಾಪಸ್ ಬರುವಾಗ ಸಮುದ್ರದ ನೀಲಿ ಬಣ್ಣ ನೋಡಿ ತಲೆ ಕೆಡಿಸ್ಕೊಂಡು, ಹಡಗಿನ ಮೇಲೇ ಪುಟ್ಟ ಪ್ರಿಸಮ್ ಇಟ್ಕೊಂಡು ಪರೀಕ್ಷೆ ಮಾಡಿ, ಬಾಂಬೆ ಬಂದರಿನಿಂದಲೇ 'ನೇಚರ್' ಪತ್ರಿಕೆಗೆ ಕಾಗದ ಬರೆದರು. ಆಕಾಶದ ನೀಲಿ ಪ್ರತಿಫಲಿಸೋದರಿಂದ ಸಮುದ್ರ ನೀಲಿ ಅನ್ನೋ ಆವತ್ತಿನ ವಿವರಣೆ ಸಾಲದು ಅಂತ. ಆ ಪ್ರಶ್ನೆ ಎಲ್ಲಿಗೆ ಹೋಗಿ ಮುಟ್ಟಿತು ಅಂತ ನಿಮಗೆ ಗೊತ್ತು. ಹಡಗಿಂದ ಇಳಿದ ಮೇಲೆ ಅವರು ಯಾವ ಗಾಡಿ ಹತ್ತಿದರು ಅಂತ ಯಾವ ಚರಿತ್ರೆಕಾರನೂ ಬರೆದಿಟ್ಟಿಲ್ಲ. ನನ್ನಂಥವರಿಗೆ ಬೇಕಾಗಿರೋದು ಅದೇ.

ಆಮೇಲೆ ಹಡಗಿನ ಕಾಲ ಮುಗೀತು. 1948ರ ಜೂನ್ 8ಕ್ಕೆ ಏರ್ ಇಂಡಿಯಾ ಬಾಂಬೆಯಿಂದ ಲಂಡನ್ನಿಗೆ ಹಾರಿತು. 1960ರಲ್ಲಿ ಬೋಯಿಂಗ್ ಜೆಟ್ ಬಂತು. 1967ರಲ್ಲಿ ಸೂಯೆಜ್ ಕಾಲುವೆ ಮುಚ್ಚಿ ಎಂಟು ವರ್ಷ ತೆರೀಲಿಲ್ಲ. ಹಡಗಲ್ಲಿ ವಿಲಾಯತಿಗೆ ಹೋಗೋದು ಅಲ್ಲಿಗೆ ಹಳೇ ಮಾತಾಯ್ತು. ಈ ಕಡೆ 1949ರಲ್ಲಿ ರಾಜಾಜಿನಗರ ಹುಟ್ಟಿತು, ಕೈಗಾರಿಕಾ ಬಡಾವಣೆಯಾಗಿ, ಆಗಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿ ಹೆಸರಲ್ಲಿ. ಬಸವೇಶ್ವರನಗರ, ವಿಜಯನಗರ ಬೆಳೆದದ್ದು ಅದಾದ ಮೇಲೆ. ಕಾರ್ಖಾನೆ, ಬ್ಯಾಂಕು, ಸರ್ಕಾರಿ ಕಚೇರಿಯ ಕೆಲಸದವರು ಸೈಟು ತಗೊಂಡು ಮನೆ ಕಟ್ಟಿದ ಏರಿಯಾಗಳು. ಇವರ ಮಕ್ಕಳು ಇಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೊರಟಾಗ ಬಂದರಿನ ಪ್ರಶ್ನೆ ಮತ್ತೆ ಬಂತು.

ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ಊರಿನ ಪೂರ್ವಕ್ಕಿತ್ತು. 1940ರ ಡಿಸೆಂಬರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಕಟ್ಟಿದ ವಿಮಾನ ಕಾರ್ಖಾನೆ, ಅದೇ ಎಚ್‌ಎಎಲ್. ಅದರ ರನ್‌ವೇನೇ ಊರಿನ ಏರ್‌ಪೋರ್ಟೂ ಆಯ್ತು. ಆದರೆ ವಿದೇಶಕ್ಕೆ ಹೋಗೋರು ಬಹಳ ವರ್ಷ ಬಾಂಬೆಗೋ ಮದ್ರಾಸಿಗೋ ಹೋಗಿಯೇ ವಿಮಾನ ಹತ್ತಬೇಕಿತ್ತು. ಹಾಗಾಗಿ ರಾಜಾಜಿನಗರದ ಹುಡುಗನಿಗೆ ಬಂದರು ಅಂದ್ರೆ ಮತ್ತೆ ಬಾಂಬೆಯೇ. ಮೆಜೆಸ್ಟಿಕ್ಕಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿಸೋಕೆ ಮನೆಮಂದಿಯೆಲ್ಲ ಹೋಗೋದು, ಹುಡುಗನಿಗೆ ಹಾರ ಹಾಕೋದು, ಅಜ್ಜಿ ಅಳೋದು, ಎಲ್ಲ ರೈಲ್ವೆ ಸ್ಟೇಷನ್ನಿನಲ್ಲೇ ಮುಗಿದು ಹೋಗ್ತಿತ್ತು.

ಎಚ್‌ಎಎಲ್‌ನಿಂದಲೇ ವಿದೇಶಿ ವಿಮಾನಗಳು ಹೊರಡೋಕೆ ಶುರುವಾದ ಮೇಲೆ ಆ ಹಾರ, ಆ ಅಳು ಓಲ್ಡ್ ಏರ್‌ಪೋರ್ಟ್ ರೋಡಿಗೆ ಶಿಫ್ಟ್ ಆಯ್ತು. ನಮ್ಮ ಮನೇಲಿ ನಾನು ನೋಡಿದ್ದು: ಒಬ್ಬರು ಹೋಗೋದು, ಹದಿನಾಲ್ಕು ಜನ ಬಿಡೋಕೆ. ಟ್ಯಾಕ್ಸಿ ಸಾಲಲ್ಲ, ಮಾತಾಡಿ ಮಾಡಿಸಿದ ಮಟಡೋರ್. ಮುಂದಿನ ಸೀಟಲ್ಲಿ ತಾತ, ಹಿಂದೆ ಸೂಟ್‌ಕೇಸಿನ ಮೇಲೆ ನಾವು ಮಕ್ಕಳು. ಅದು ಷಟಲ್ಲೂ ಅಲ್ಲ, ಟ್ಯಾಕ್ಸಿಯೂ ಅಲ್ಲ. ಅದು ಮೆರವಣಿಗೆ.

2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿದರು. ಬಸ್ಸಿನ ಜನ ವಿಮಾನ ಹತ್ತಿದರು. ಎಚ್‌ಎಎಲ್ ನಿಲ್ದಾಣದಲ್ಲಿ ಕಾಲಿಡೋಕೆ ಜಾಗ ಇಲ್ಲ ಅನ್ನೋ ಹಾಗಾಯ್ತು. ಕೊನೆಗೆ 2008ರ ಮೇ 24ಕ್ಕೆ ದೇವನಹಳ್ಳಿಯ ಹೊಸ ನಿಲ್ದಾಣ ಶುರುವಾಯ್ತು, ಎಚ್‌ಎಎಲ್ ನಾಗರಿಕ ವಿಮಾನಗಳಿಗೆ ಮುಚ್ಚಿತು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಹೊಸ ನಿಲ್ದಾಣ ಕಟ್ಟಿದ ಕಂಪನಿ ಜೊತೆ 2004ರಲ್ಲಿ ಆದ ಒಪ್ಪಂದದಲ್ಲಿ ಒಂದು ಷರತ್ತಿತ್ತು. ನಿಲ್ದಾಣ ಶುರುವಾಗಿ 25 ವರ್ಷ ಆಗೋವರೆಗೆ ಸುತ್ತ 150 ಕಿಲೋಮೀಟರ್ ಒಳಗೆ, ಮೈಸೂರು ಹಾಸನ ಬಿಟ್ಟು, ಇನ್ನೊಂದು ಅಂಥ ನಿಲ್ದಾಣ ಬರಕೂಡದು. ಎಚ್‌ಎಎಲ್ ಮುಚ್ಚಬೇಡಿ ಅಂತ ಜನ ಬೀದಿಗಿಳಿದರು, ಕೋರ್ಟಿಗೂ ಹೋದರು. ನಡೀಲಿಲ್ಲ. ಬಂಡವಾಳ ಹಾಕೋರಿಗೆ ಭರವಸೆ ಬೇಕು, ಸರಿ. ಆದರೆ ಆ ಒಂದು ಸಾಲಿನಿಂದ ಕೆಂಗೇರಿಯಲ್ಲಿ ಕೂತವನ ಮನೆಗೂ ಅವನ ಬಂದರಿಗೂ ಹೆಚ್ಚುಕಮ್ಮಿ 50 ಕಿಲೋಮೀಟರ್ ಆಯ್ತು, ಅದೂ ಊರನ್ನ ಅಡ್ಡಡ್ಡ ಸೀಳಿಕೊಂಡು ಹೋಗಬೇಕು. ನಮ್ಮ ಪಶ್ಚಿಮ ಬೆಂಗಳೂರಿನ ಬೆಳಗಿನ ಜಾವ ಆವತ್ತಿಂದ ಬದಲಾಯ್ತು. ಆರು ಗಂಟೆ ವಿಮಾನ ಅಂದ್ರೆ ಎರಡು ಗಂಟೆಗೆ ಎದ್ದು ಸ್ನಾನ.

ದಾರಿ ನಿಮಗೆ ಗೊತ್ತಲ್ಲ. ವೆಸ್ಟ್ ಆಫ್ ಕಾರ್ಡ್ ರೋಡ್, ಯಶವಂತಪುರ, ಇಲ್ಲಾಂದ್ರೆ ರಿಂಗ್ ರೋಡಲ್ಲಿ ಸುಮನಹಳ್ಳಿ, ಗೊರಗುಂಟೆಪಾಳ್ಯ, ಬಿಇಎಲ್ ಸರ್ಕಲ್. ಅಲ್ಲಿಂದ ಹೆಬ್ಬಾಳ. ಹೆಬ್ಬಾಳ ದಾಟಿದವನು ವಿಮಾನ ಹತ್ತಿದ ಹಾಗೇ. 2014ರಲ್ಲಿ ಬಳ್ಳಾರಿ ರಸ್ತೆಯ ಮೇಲ್ಸೇತುವೆ ಬಂದ ಮೇಲೆ ಆ ಕಡೆ ದಾರಿ ಬೆಣ್ಣೆ. ತೊಂದರೆಯೆಲ್ಲ ಹೆಬ್ಬಾಳದ ಈ ಕಡೆ, ಅಂದ್ರೆ ನಮ್ಮ ಕಡೆ.

ಆಗಲೇ ಶುರುವಾಗಿದ್ದು ಬೆಂಗಳೂರಿನ ನಿಜವಾದ 'ಟ್ಯಾಕ್ಸಿನಾ ಷಟಲ್ಲಾ'. ಷಟಲ್ ಕಡೆ ಬಿಎಂಟಿಸಿಯ ವಾಯುವಜ್ರ. ಏರ್‌ಪೋರ್ಟಿನ ಜೊತೆಜೊತೆಗೇ ಬಂದ ವೋಲ್ವೋ ಬಸ್ಸುಗಳು, ಸೂಟ್‌ಕೇಸ್ ಇಡೋಕೆ ಜಾಗ, ಎಸಿ, ಹಗಲೂ ರಾತ್ರಿ ಓಡಾಟ. ಟ್ಯಾಕ್ಸಿ ಕಡೆ ಮೇರು ಥರದ ರೇಡಿಯೋ ಕ್ಯಾಬುಗಳು. ಫೋನ್ ಮಾಡಿದ್ರೆ ಮನೆ ಬಾಗಿಲಿಗೆ, ಮೀಟರು, ಕೈಗೆ ರಸೀದಿ. 2010ರಲ್ಲಿ ಓಲಾ ಹುಟ್ಟಿತು, 2013ರಲ್ಲಿ ಉಬರ್ ಭಾರತಕ್ಕೆ ಕಾಲಿಟ್ಟದ್ದು ನಮ್ಮೂರಿನಿಂದಲೇ. ಮಟಡೋರ್ ಮೆರವಣಿಗೆ ಅಲ್ಲಿಗೆ ಮುಗೀತು. ಈಗ ಮಗಳು ಅಮೆರಿಕಕ್ಕೆ ಹೋಗೋದನ್ನ ಅಪ್ಪ ಗೇಟಲ್ಲಿ ನಿಂತು ನೋಡ್ತಾನೆ, ಆಮೇಲೆ ಒಳಗೆ ಬಂದು ಫೋನಲ್ಲಿ ಕಾರಿನ ಚುಕ್ಕೆ ಎಲ್ಲಿಗೆ ಹೋಯ್ತು ಅಂತ ನೋಡ್ತಾ ಕೂರ್ತಾನೆ.

ಆ ಚುಕ್ಕೆ ಸುಮ್ಮನೆ ಬಂದದ್ದಲ್ಲ. 2005ರ ಡಿಸೆಂಬರಲ್ಲಿ ಇದೇ ಊರಲ್ಲಿ ರಾತ್ರಿ ಪಾಳಿಗೆ ಹೊರಟ ಕಾಲ್‌ಸೆಂಟರ್ ಉದ್ಯೋಗಿಯೊಬ್ಬರು ಕಂಪನಿ ಕ್ಯಾಬ್ ಅಂತ ನಂಬಿ ಹತ್ತಿದ ಗಾಡಿಯ ಡ್ರೈವರನಿಂದಲೇ ಕೊಲೆಯಾದರು. ರಾತ್ರಿ ಒಬ್ಬಳೇ ಕ್ಯಾಬ್ ಹತ್ತೋ ಹೆಣ್ಣುಮಗಳ ಪ್ರಶ್ನೆ ಆಗ ಇಡೀ ದೇಶದ ಚರ್ಚೆಯಾಯ್ತು. ಬೆಳಗಿನ ಜಾವ ಮೂರಕ್ಕೆ ಬಸ್ಸೋ ಕ್ಯಾಬೋ ಅಂತ ನಾನು ಯೋಚಿಸುವಾಗ ದುಡ್ಡಿನ ಲೆಕ್ಕ ಎರಡನೇದು. ಮನೆಯಿಂದ ಬಸ್ ಸ್ಟಾಪಿನವರೆಗೆ ಕತ್ತಲೆಯಲ್ಲಿ ನಡೆಯೋ ಹತ್ತು ನಿಮಿಷ ಮೊದಲನೇದು. ಗಂಡಸರು ಲೆಕ್ಕ ಹಾಕುವಾಗ ಇದನ್ನ ಬಿಟ್ಟುಬಿಡ್ತಾರೆ.

ಸರಿ, ದುಡ್ಡಿನ ಲೆಕ್ಕಾನೂ ಹಾಕೋಣ. 2024ರ ಆರಂಭದಲ್ಲಿ ರಾಜ್ಯ ಸರ್ಕಾರ ಆಪ್ ಕ್ಯಾಬೂ ಸೇರಿ ಎಲ್ಲಾ ಟ್ಯಾಕ್ಸಿಗೂ ಒಂದೇ ದರ ಅಂತ ಆದೇಶ ಮಾಡಿತು. 10 ಲಕ್ಷದೊಳಗಿನ ಕಾರಿಗೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಆಮೇಲೆ ಕಿಲೋಮೀಟರಿಗೆ 24. ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಇದರ ಮೇಲೆ ಶೇಕಡಾ 10. ವಿಜಯನಗರದಿಂದ 40 ಕಿಲೋಮೀಟರ್ ಅಂತ ಇಟ್ಕೊಳ್ಳಿ. 36 ಇಂಟು 24, 864. ಮೇಲೆ 100. ಒಟ್ಟು 964. ರಾತ್ರಿಯಾದರೆ 1,060. ತೆರಿಗೆ, ಟೋಲು ಬೇರೆ. ಒಬ್ಬರೇ ಇದ್ದರೆ ವಾಯುವಜ್ರದ ಮುಂದೆ ಇದು ಭಾರೀ ದುಬಾರಿ. ನಾಲ್ಕು ಜನ ಇದ್ದರೆ ನಾಲ್ಕು ಬಸ್ ಟಿಕೆಟ್, ಬಸ್ಸಿನವರೆಗೆ ಆಟೋ, ಲಗೇಜು ಎಳೆದಾಡೋ ರಗಳೆ ಸೇರಿಸಿದರೆ ಕ್ಯಾಬೇ ವಾಸಿ ಅನ್ಸುತ್ತೆ. ಇನ್ನೊಂದು ಮಾತು, 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆ ವಾಯುವಜ್ರಕ್ಕೆ ಅನ್ವಯ ಆಗಲ್ಲ. ಆಧಾರ್ ಕಾರ್ಡ್ ತೋರಿಸಿ ಕಂಡಕ್ಟರ್ ಮುಂದೆ ಮುಜುಗರ ಪಟ್ಟವರಲ್ಲಿ ನಾನೂ ಒಬ್ಬಳು.

ಮೂರನೇ ದಾರಿಯೂ ಒಂದಿದೆ, ಯಾರೂ ಹೇಳಲ್ಲ. 2021ರ ಜನವರಿಯಲ್ಲಿ ಯಲಹಂಕ-ಚಿಕ್ಕಬಳ್ಳಾಪುರ ಹಳಿಯ ಮೇಲೆ ಏರ್‌ಪೋರ್ಟಿಗೆ ಅಂತಲೇ ಒಂದು ಹಾಲ್ಟ್ ನಿಲ್ದಾಣ ತೆರೆದರು. ಕಾಫಿಗಿಂತ ಅಗ್ಗದ ಟಿಕೆಟ್. ಅಲ್ಲಿ ಇಳಿದರೆ ಟರ್ಮಿನಲ್ಲಿಗೆ ಷಟಲ್ ಬಸ್ಸು, ನಿಜವಾದ ಷಟಲ್ಲು. ಆದರೆ ದಿನಕ್ಕೆ ಬೆರಳೆಣಿಕೆಯ ರೈಲು. ನಿಮ್ಮ ವಿಮಾನದ ಹೊತ್ತಿಗೂ ರೈಲಿನ ಹೊತ್ತಿಗೂ ಹೊಂದಿದರೆ ಅದು ಪೂರ್ವಜನ್ಮದ ಪುಣ್ಯ. ಬಲ್ಲಾರ್ಡ್ ಪಿಯರಲ್ಲಿ ನೂರು ವರ್ಷದ ಹಿಂದೆ ಹಡಗಿನ ಹೊತ್ತು ನೋಡ್ಕೊಂಡು ರೈಲು ಬಿಡ್ತಿದ್ದರು ಅನ್ನೋದನ್ನ ನೆನಪು ಮಾಡ್ಕೊಳ್ಳಿ.

ಇಷ್ಟೂ ಹೊತ್ತು ಕೂತಿರೋರ ಕಥೆ ಆಯ್ತು. ಓಡಿಸೋರ ಕಥೆ ಹೇಳದೇ ಮುಂದೆ ಹೋಗೋಕೆ ಮನಸ್ಸಿಲ್ಲ.

ನಮ್ಮ ಏರಿಯಾದಲ್ಲಿ ಹಳದಿ ಬೋರ್ಡ್ ಕಾರು ನಿಂತಿರದ ಬೀದಿ ಇಲ್ಲ. ಕೆಂಗೇರಿ, ಮಾಗಡಿ ರೋಡ್, ಲಗ್ಗೆರೆ, ಕಾಮಾಕ್ಷಿಪಾಳ್ಯ. ಮಂಡ್ಯ, ಮದ್ದೂರು, ಕುಣಿಗಲ್, ಮಾಗಡಿ ಕಡೆಯಿಂದ ಬಂದ ಹುಡುಗರು, ಸಾಲ ಮಾಡಿ ತಗೊಂಡ ಕಾರು. ಆಪ್ ಕಂಪನಿಗಳು ಬಂದ ಹೊಸದರಲ್ಲಿ ಇನ್ಸೆಂಟಿವ್ ಅಂತ ಕೈತುಂಬ ಕೊಟ್ಟವು. ಹೊಲ ಮಾರಿ ಕಾರು ತಗೊಂಡವರೂ ಉಂಟು. ಆಮೇಲೆ ಇನ್ಸೆಂಟಿವ್ ಇಳೀತು, ಇಎಂಐ ಇಳೀಲಿಲ್ಲ. 2017ರ ಆರಂಭದಲ್ಲಿ ಬೆಂಗಳೂರಲ್ಲಿ ಚಾಲಕರು ಮುಷ್ಕರ ಹೂಡಿದ್ದು ಇದಕ್ಕೇ. ಕೋವಿಡ್ ಬಂದ ಮೇಲೆ ವಿಮಾನವೇ ಇಲ್ಲ, ಬಾಡಿಗೆ ಎಲ್ಲಿಂದ? 2021ರ ಮಾರ್ಚ್ ಕೊನೆಯಲ್ಲಿ ಟ್ಯಾಕ್ಸಿ ಚಾಲಕರೊಬ್ಬರು ಏರ್‌ಪೋರ್ಟ್ ಆವರಣದಲ್ಲಿ ನಡೆದ ಘಟನೆಯಲ್ಲಿ ಪ್ರಾಣ ಕಳ್ಕೊಂಡರು. ಜೊತೆಯ ಚಾಲಕರು ಗಾಡಿ ನಿಲ್ಲಿಸಿ ಪ್ರತಿಭಟನೆ ಮಾಡಿದರು. ದರ ಸರಿ ಮಾಡಿ, ಬದುಕೋಕೆ ಬಿಡಿ ಅಂತ. ಏಪ್ರಿಲ್ ಹೊತ್ತಿಗೆ ಎರಡನೇ ಅಲೆ ಬಂತು, ಸುದ್ದಿ ಅದರಲ್ಲಿ ಮುಳುಗಿ ಹೋಯ್ತು.

'ಒಂದೇ ದರ' ಆದೇಶ ಅವರು ಬಹಳ ವರ್ಷದಿಂದ ಕೇಳ್ತಿದ್ದದ್ದು. ನಮಗೆ ಆಪಿನಲ್ಲಿ ಇವತ್ತು 800, ನಾಳೆ 1,400 ಅಂತ ಕಾಣುತ್ತಲ್ಲ, ಅದರಲ್ಲಿ ಡ್ರೈವರಿಗೆ ಎಷ್ಟು ಹೋಗುತ್ತೆ ಅನ್ನೋದು ನಮಗೆ ಕಾಣಲ್ಲ. ಎರಡೂ ಕಡೆಯವರಿಗೆ ಜಗಳ ಮಾಡೋಕೆ ಸಿಗೋದು ಎದುರಿಗಿರೋರು ಮಾತ್ರ. "ಸರ್ ಡ್ರಾಪ್ ಎಲ್ಲಿ, ಕ್ಯಾಶಾ ಆನ್‌ಲೈನಾ" ಅನ್ನೋ ಆ ಫೋನು ನಮಗೆ ಕಿರಿಕಿರಿ, ಅವನಿಗೆ ಡೀಸೆಲ್ಲಿನ ಚಿಂತೆ. ಏರ್‌ಪೋರ್ಟ್ ಡ್ರಾಪ್ ಅಂದ್ರೆ ಖುಷಿ ಅಂತ ನಾವು ಅಂದ್ಕೋತೀವಿ. ವಾಪಸ್ ಬಾಡಿಗೆಗೆ ಅಲ್ಲಿ ಪಾರ್ಕಿಂಗಲ್ಲಿ ಗಂಟೆಗಟ್ಟಲೆ ಕ್ಯೂ. ಖಾಲಿ ಬಂದರೆ 40 ಕಿಲೋಮೀಟರ್ ಡೀಸೆಲ್ ದಂಡ.

2023ರ ಸೆಪ್ಟೆಂಬರ್ 11 ನೆನಪಿದೆಯಾ? ಶಕ್ತಿ ಯೋಜನೆಯಿಂದ ನಷ್ಟ, ಬೈಕ್ ಟ್ಯಾಕ್ಸಿ ನಿಲ್ಲಿಸಿ ಅಂತೆಲ್ಲ ಖಾಸಗಿ ವಾಹನದವರು ಬಂದ್ ಮಾಡಿದ ದಿನ. ಆಟೋ ಇಲ್ಲ, ಕ್ಯಾಬ್ ಇಲ್ಲ. ಏರ್‌ಪೋರ್ಟಲ್ಲಿ ಇಳಿದವರೆಲ್ಲ ವಾಯುವಜ್ರದ ಮುಂದೆ. ಅವತ್ತು ಅನಿಲ್ ಕುಂಬ್ಳೆ ಬಿಎಂಟಿಸಿ ಬಸ್ಸಲ್ಲಿ ಕೂತು ಮನೆಗೆ ಹೋದ ಫೋಟೋ ಹಾಕಿದ್ದರು. ಎಲ್ಲರೂ ಲೈಕ್ ಒತ್ತಿದರು. ಟ್ಯಾಕ್ಸಿ ಇಲ್ಲದ ಒಂದು ದಿನ ಷಟಲ್ಲಿನ ಬೆಲೆ ಗೊತ್ತಾಯ್ತು. ಆದರೆ ಬಸ್ಸೊಂದರಿಂದಲೇ ಕೆಲಸ ಆಗಲ್ಲ ಅನ್ನೋದೂ ಅವತ್ತೇ ಗೊತ್ತಾಯ್ತು. ಹೆಬ್ಬಾಳ ದಾಟಿ ಮೆಜೆಸ್ಟಿಕ್ಕಿಗೆ ಬಂದವರು ಅಲ್ಲಿಂದ ಬಸವೇಶ್ವರನಗರಕ್ಕೆ ಹೋಗೋದು ಹೇಗೆ ಅಂತ ನೋಡ್ತಾ ನಿಂತಿದ್ದರು.

ಮೆಟ್ರೋ ಬರುತ್ತಲ್ಲ ಅಂತೀರಿ. ವಿಜಯನಗರಕ್ಕೆ 2015ರ ನವೆಂಬರಲ್ಲಿ ಬಂತು, ಕೆಂಗೇರಿಗೆ 2021ರ ಆಗಸ್ಟಲ್ಲಿ. ಏರ್‌ಪೋರ್ಟಿಗೆ ಹೋಗೋ ನೀಲಿ ಮಾರ್ಗದ ಕೆಲಸ ನಡೀತಾ ಇದೆ, ಆದರೆ ಅದು ಸಿಲ್ಕ್ ಬೋರ್ಡ್, ಕೆ.ಆರ್.ಪುರದ ಕಡೆಯಿಂದ. ನಮ್ಮ ಪಾಲಿಗೆ ಇರೋದು ಕಿತ್ತಳೆ ಮಾರ್ಗ. ಜೆ.ಪಿ.ನಗರದಿಂದ ಪಶ್ಚಿಮದ ರಿಂಗ್ ರೋಡ್ ಮೇಲೆ ನಾಗರಬಾವಿ, ಸುಮನಹಳ್ಳಿ, ಪೀಣ್ಯ ದಾಟಿ ಕೆಂಪಾಪುರಕ್ಕೆ. ಜೊತೆಗೆ ಹೊಸಹಳ್ಳಿಯಿಂದ ಮಾಗಡಿ ರೋಡಲ್ಲಿ ಕಡಬಗೆರೆಗೆ ಇನ್ನೊಂದು ಕವಲು. ಎರಡೂ ಸೇರಿ 44.65 ಕಿಲೋಮೀಟರ್. 2024ರ ಆಗಸ್ಟ್ 16ರಂದು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಇನ್ನೊಂದು ಕಡೆ, ಆ 25 ವರ್ಷದ ಷರತ್ತು 2033ಕ್ಕೆ ಮುಗಿಯುತ್ತೆ. ಎರಡನೇ ವಿಮಾನ ನಿಲ್ದಾಣಕ್ಕೆ ಜಾಗ ನೋಡೋಕೆ 2025ರ ಏಪ್ರಿಲಲ್ಲಿ ಕೇಂದ್ರದ ತಂಡ ಬಂದಿತ್ತು. ತೋರಿಸಿದ್ದು ಕನಕಪುರ ರಸ್ತೆಯಲ್ಲಿ ಎರಡು ಜಾಗ, ನೆಲಮಂಗಲದ ಹತ್ತಿರ ಕುಣಿಗಲ್ ರಸ್ತೆಯಲ್ಲಿ ಒಂದು. ಎಲ್ಲೇ ಆದರೂ ಕೆಂಗೇರಿಯವರಿಗೆ ದೇವನಹಳ್ಳಿಗಿಂತ ಹತ್ತಿರ. ಆದರೆ ಅಲ್ಲಿ ಯಾರದ್ದೋ ರಾಗಿ ಹೊಲ, ಅಡಿಕೆ ತೋಟ ಇದೆ. ದೇವನಹಳ್ಳಿ ಕಡೆ ಜಮೀನು ಕೊಟ್ಟವರನ್ನ ಮಾತಾಡಿಸದೇ ನಾವು ಖುಷಿ ಪಡೋದು ಬೇಡ.

ಇನ್ನು ಚಿಕ್ಕಮ್ಮನ ಹಡಗಿಗೆ ವಾಪಸ್ ಬರ್ತೀನಿ.

ನಮ್ಮದೇ ಬಂದರು ಇಲ್ಲವೇ ಅಂತ ಅವರು ಕೇಳಿದರು. ಇದೆ. ಪಣಂಬೂರಿನ ನವ ಮಂಗಳೂರು ಬಂದರು, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದ್ದು. ಅಲ್ಲಿಗೂ ಪ್ರತಿ ಸೀಸನ್ನಿನಲ್ಲಿ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಇಳಿದವರಿಗೆ ಟೂರಿನ ಬಸ್ಸು, ಊರೊಳಗೆ ಹೋಗೋಕೆ ಷಟಲ್ಲು, ಟ್ಯಾಕ್ಸಿ ಎಲ್ಲಾ ಸಿದ್ಧ ಇರುತ್ತೆ. ಕುದ್ರೋಳಿ ದೇವಸ್ಥಾನ, ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ ಸಂಜೆಗೆ ಹಡಗು ಹತ್ತುತ್ತಾರೆ. 'ಟ್ಯಾಕ್ಸಿನಾ ಷಟಲ್ಲಾ' ಅಂತ ಪಣಂಬೂರಲ್ಲಿ ನಿಂತು ಯೋಚಿಸೋದು ಜರ್ಮನಿಯ ಅಜ್ಜಿ. ನಮ್ಮ ಚಿಕ್ಕಮ್ಮನ ಹಡಗು ಮಾತ್ರ ಮುಂಬೈಯಿಂದ.

ಅದೂ ಎಲ್ಲಿಂದ ಗೊತ್ತಾ? ಬಲ್ಲಾರ್ಡ್ ಪಿಯರ್‌ನಿಂದ. ಅದೇ ಜಾಗ. 2025ರ ಸೆಪ್ಟೆಂಬರಲ್ಲಿ ಅಲ್ಲಿ ದೊಡ್ಡ ಕ್ರೂಸ್ ಟರ್ಮಿನಲ್ ಉದ್ಘಾಟನೆ ಆಯ್ತು. ಇದನ್ನ ಕಂಡ್ಕೊಂಡಾಗ ನನಗೆ ಮೈ ಜುಂ ಅಂತು. ಉದ್ಯಾನ್ ಎಕ್ಸ್‌ಪ್ರೆಸ್ ಈಗಲೂ ಗುಂತಕಲ್, ರಾಯಚೂರು, ಕಲಬುರಗಿ, ಸೊಲ್ಲಾಪುರ, ಪುಣೆ ಮೇಲೆ ಸುಮಾರು 24 ಗಂಟೆ ಓಡಿ ಸಿಎಸ್‌ಎಂಟಿಯಲ್ಲೇ ನಿಲ್ಲುತ್ತೆ. ಆ ಹಳೇ ಕಾಲದವರು ಇಳಿದ ಅದೇ ಸ್ಟೇಷನ್ನು, ಅದೇ ಒಂದೆರಡು ಕಿಲೋಮೀಟರ್.

ನಾನು ಚಿಕ್ಕಮ್ಮನಿಗೆ ಹೇಳಿದ್ದು ಇಷ್ಟು. ಮೊದಲು ಹೋಟೆಲ್ ಎಲ್ಲಿದೆ ನೋಡಿ. ಹುಡುಗ ಅಗ್ಗ ಅಂತ ಅಂಧೇರಿ ಕಡೆ, ಏರ್‌ಪೋರ್ಟ್ ಹತ್ತಿರ ಬುಕ್ ಮಾಡಿದ್ದ. ಅಲ್ಲಿನ ಷಟಲ್ ಹೋಗೋದು ಏರ್‌ಪೋರ್ಟಿಗೆ, ಬಂದರಿಗಲ್ಲ. ಬಂದರಿಗೆ ಬೇಕಂದ್ರೆ ಕಾರು ಕೊಡ್ತೀವಿ, ಬಾಡಿಗೆ ಬೇರೆ ಅಂತ ಫೋನಲ್ಲಿ ಕೇಳಿದ ಮೇಲೆ ಬಾಯಿಬಿಟ್ಟರು. ಅದನ್ನ ರದ್ದು ಮಾಡಿಸಿ ಕೋಟೆ ಏರಿಯಾದಲ್ಲಿ, ಫೋರ್ಟ್ ಅಂತಾರಲ್ಲ, ಅಲ್ಲಿ ಸ್ಟೇಷನ್ನಿಗೂ ಬಂದರಿಗೂ ಹತ್ತಿರ ಇರೋ ಒಂದು ಸಾಧಾರಣ ಲಾಡ್ಜ್ ಮಾಡಿಸಿದ್ವಿ. ಅಲ್ಲಿಂದ ಟ್ಯಾಕ್ಸಿ. ಕಾಲಿ-ಪೀಲಿ ಪ್ರೀಮಿಯರ್ ಪದ್ಮಿನಿ ಸಿಗುತ್ತಾ ಅಂತ ಚಿಕ್ಕಪ್ಪ ಆಸೆಯಿಂದ ಕೇಳಿದರು. ಅವು 2023ರ ಅಕ್ಟೋಬರಲ್ಲೇ ರಸ್ತೆಯಿಂದ ಹೋದವು. ಬಣ್ಣ ಅದೇ ಇದೆ, ಕಾರು ಬೇರೆ. ಕೊನೆಗೆ ಟ್ಯಾಕ್ಸಿ ಕೈ ಕೊಟ್ಟರೂ ಪರವಾಗಿಲ್ಲ, ಬ್ಯಾಗ್ ಎಳ್ಕೊಂಡು ನಡೆದೇ ಹೋಗಬಹುದು. ಹಡಗಿನ ಬೋರ್ಡಿಂಗ್ ಗೇಟು ಹೊರಡೋ ಹೊತ್ತಿಗಿಂತ ಬಹಳ ಮುಂಚೆನೇ ಮುಚ್ಚುತ್ತೆ ಅನ್ನೋದನ್ನ ಮಾತ್ರ ಮೂರು ಸಲ ಹೇಳಿದೆ.

ಅವರು ಹೊರಟ ದಿನ ನಾನೂ ವಿಜಯನಗರಕ್ಕೆ ಹೋಗಿದ್ದೆ. ಮೆಜೆಸ್ಟಿಕ್ಕಿಗೆ ಹೇಗೆ ಹೋಗೋದು ಅಂತ ಮತ್ತೆ ಚರ್ಚೆ. ಎದುರು ಮನೆ ಮಹಡಿಯಲ್ಲಿ ಬಾಡಿಗೆಗಿರೋ ಮದ್ದೂರಿನ ಹುಡುಗ ಕ್ಯಾಬ್ ಓಡಿಸ್ತಾನೆ, ಆಗಷ್ಟೇ ರಾತ್ರಿ ಪಾಳಿ ಮುಗಿಸಿ ಮಲಗಿ ಎದ್ದಿದ್ದ. "ಅಮ್ಮಾ, ಈ ಹೊತ್ನಲ್ಲಿ ಮಾಗಡಿ ರೋಡಲ್ಲಿ ನಾನು ಹೋದ್ರೂ ಮುಕ್ಕಾಲು ಗಂಟೆ. ಮೆಟ್ರೋ ಹತ್ತಿ, ನಾನು ಬ್ಯಾಗ್ ಸ್ಟೇಷನ್ ತನಕ ತಂದುಕೊಡ್ತೀನಿ" ಅಂದ. ಸೂಟ್‌ಕೇಸ್ ಅವನ ಹೆಗಲ ಮೇಲೆ, ಚಕ್ಲಿ ಕೋಡುಬಳೆ ಡಬ್ಬಿ ನನ್ನ ಕೈಲಿ, ಹಿಂದೆ ಚಿಕ್ಕಪ್ಪ, ಪಕ್ಕದ ಮನೆಯ ಇಬ್ಬರು ಆಂಟಿಯರು. ವಿಜಯನಗರ ಮೆಟ್ರೋ ಸ್ಟೇಷನ್ನಿನವರೆಗೆ ಒಟ್ಟು ಏಳು ಜನ ಹೋದ್ವಿ. ಸೆಕ್ಯೂರಿಟಿಯವನು ಟಿಕೆಟ್ ಎಷ್ಟು ಜನರದು ಅಂತ ಕೇಳಿದ. ಇಬ್ಬರದು ಅಂದೆ.

ನಿಮ್ಮ ಮನೆಯಲ್ಲಿ ಯಾರಾದ್ರೂ ಬಾಂಬೆಯಿಂದ ಹಡಗು ಹತ್ತಿದವರಿದ್ದರೆ, ಎಚ್‌ಎಎಲ್ ಏರ್‌ಪೋರ್ಟಿಗೆ ಮಟಡೋರಲ್ಲಿ ಹೋದ ಫೋಟೋ ಇದ್ದರೆ ನಮಗೆ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.